ಎಳೆಯ ರಕ್ಷಕನನ್ನು ಅಳೆಯುವ ಬಗೆ

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸುರು ಮೈದಾನ. ಆದರೆ ಕೆನಡಾ, ಸ್ವೀಡನ್, ರಷ್ಯಾ ಮೊದಲಾದ ಶೀತದೇಶಗಳಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಣ ಆಟ. ಆಟಗಾರರ ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳು. ಚೆಂಡಿಗೆ ಬದಲು ಸುಮಾರು 170 ಗ್ರಾಂ ತೂಗುವ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಪ್ರತಿ ಪಕ್ಷದಲ್ಲಿಯೂ ಗೋಲ್ ಕೀಪರನಲ್ಲದೆ ಮೂವರು ಫಾರ್ವರ್ಡ್‌ಗಳೂ ಇಬ್ಬರು ರಕ್ಷಕರೂ ಕಣದಲ್ಲಿರುತ್ತಾರೆ. ಈ ರಕ್ಷಕರ ಕೆಲಸವೇ ಆಟದಲ್ಲಿ ಬಹು ಕಠಿಣವಾದುದು.

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಹದಿನೆಂಟು ವರ್ಷದ ಹುಡುಗನು ಇಪ್ಪತ್ತಮೂರರಲ್ಲಿ ಏನಾದಾನು ಎಂಬುದನ್ನು ಆಗಲೇ ಊಹಿಸಬೇಕು. ಊಹೆ ತಪ್ಪಿದರೆ ತಂಡವು ಹಲವು ವರ್ಷ ಅದರ ಫಲವನ್ನು ಉಣ್ಣಬೇಕಾದೀತು. ಈ ಅಳತೆ ನಡೆಯುವ ಬಗೆಯನ್ನು ಕೇಲ್ ಮಕಾರ್ ಎಂಬ ಕೆನಡಾದ ರಕ್ಷಕನ ನಿದರ್ಶನದಿಂದ ನೋಡೋಣ.

ಮೊದಲು ರಕ್ಷಕನ ಕಾರ್ಯವೇನೆಂಬುದನ್ನು ತಿಳಿಯಬೇಕು. ಎದುರಾಳಿಯು ಪಕ್ಕನ್ನು ತಳ್ಳಿಕೊಂಡು ಬರುವಾಗ ರಕ್ಷಕನು ಅವನಿಗೆ ಮುಖಕೊಟ್ಟು ಹಿಂದಕ್ಕೆ ಜಾರುತ್ತಾನೆ. ಹಿಂಜಾರುವ ವೇಗವು ಮುಂಜಾರುವ ವೇಗಕ್ಕಿಂತ ಕಡಿಮೆ. ಆದುದರಿಂದ ಎದುರಾಳಿಯು ದಾಟಿಹೋಗುವ ಕ್ಷಣವನ್ನು ಅರಿತು ಅವನು ಮೈ ತಿರುಗಿಸಲೇಬೇಕು. ಎದುರಾಳಿಯು ಸೆಕೆಂಡಿಗೆ 10 ಮೀಟರ್ ಸಾಗುತ್ತಿದ್ದಾನೆಂದು ಇಟ್ಟುಕೊಳ್ಳೋಣ. ತಿರುಗುವುದರಲ್ಲಿ ಅರ್ಧ ಸೆಕೆಂಡು ತಡವಾದರೆ ಅಷ್ಟರಲ್ಲಿ ಅವನು 5 ಮೀಟರ್ ಸಾಗಿರುತ್ತಾನೆ. ಇಡೀ ಕಣದ ಉದ್ದವೇ ಸುಮಾರು 61 ಮೀಟರ್!

ಈ ತಿರುಗುವಿಕೆಯ ಗುಟ್ಟು ಅಲಗಿನಲ್ಲಿದೆ. ಅಲಗಿನ ದಪ್ಪ ಸುಮಾರು 3 ಮಿಲಿಮೀಟರ್. ಅದರ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುವುದರಿಂದ ಎರಡು ಹರಿತವಾದ ಅಂಚುಗಳು ಉಂಟಾಗುತ್ತವೆ. ಉದ್ದದ ದಿಕ್ಕಿನಲ್ಲಿ ಅಲಗಿಗೆ ಘರ್ಷಣೆಯು ಅತ್ಯಲ್ಪ. ಅಡ್ಡ ದಿಕ್ಕಿನಲ್ಲಿಯಾದರೋ ಅಂಚು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಮೊಣಕಾಲನ್ನು ಬಗ್ಗಿಸಿ, ಮೈಯನ್ನು ಓರೆಮಾಡಿ, ಭಾರವನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹಾಯಿಸುವುದೇ ತಿರುಗುವ ವಿದ್ಯೆ. ಮಕಾರನ ಹೆಚ್ಚಳ ಇದರಲ್ಲಿಯೇ ಇತ್ತು. ಪಾದಗಳೆರಡನ್ನೂ ಹೊರಮುಖವಾಗಿ ತೆರೆದು, ಗೋಲಿನ ಕಡೆ ಮುಖವಿಟ್ಟುಕೊಂಡೇ ಪಕ್ಕಕ್ಕೆ ಜಾರಬಲ್ಲವನಾದುದರಿಂದ ಅವನು ಯಾವ ಕಡೆಗೆ ಹೊರಳುವನೆಂಬುದು ಎದುರಾಳಿಗೆ ತಿಳಿಯುತ್ತಿರಲಿಲ್ಲ. ತಡೆಯುವುದರ ಜೊತೆಗೆ ತನ್ನ ಪಕ್ಷದ ದಾಳಿಯನ್ನು ಆರಂಭಿಸುವುದೂ ಅವನಿಗೆ ಸಾಧ್ಯವಾಗಿತ್ತು.

ಇನ್ನು ಕೊರತೆಗಳು. ಒಂದನೆಯದು ಮೈಕಟ್ಟು. ಮಕಾರನ ಎತ್ತರ 5 ಅಡಿ 11 ಅಂಗುಲ. ನಮ್ಮ ಕಣ್ಣಿಗೆ ಅದು ಒಳ್ಳೆಯ ಎತ್ತರವೇ. ಆರಡಿಯನ್ನು ಮೀರಿದ ರಕ್ಷಕರ ನಡುವೆ ಮಾತ್ರ ಅವನು ಗಿಡ್ಡನೆನಿಸಿದನು. ಒಂದೇ ವೇಗದ ಇಬ್ಬರು ಡಿಕ್ಕಿಯಾದಾಗ ಹೆಚ್ಚು ತೂಕದವನ ಸಂವೇಗವೇ ಹೆಚ್ಚು. ಎರಡನೆಯದು, ಅವನು ಬೆಳೆದ ಕಣ. ಆಲ್ಬರ್ಟಾ ಪ್ರಾಂತದ ಕಿರಿಯರ ಲೀಗಿನಲ್ಲಿ ಬ್ರೂಕ್ಸ್ ಪಟ್ಟಣದ ತಂಡಕ್ಕೆ ಅವನು ಆಡುತ್ತಿದ್ದನು. ಅದು ಕೆನಡಾದ ಕಿರಿಯರ ಲೀಗುಗಳಲ್ಲಿ ಮೇಲ್ದರ್ಜೆಯದಲ್ಲ. ಮೂರನೆಯದು ಮುನ್ನುಗ್ಗುವ ಸ್ವಭಾವ. ರಕ್ಷಕನು ಮುನ್ನುಗ್ಗಿದರೆ ಅವನ ಬೆನ್ನ ಹಿಂದೆ ಕಣವು ಬಯಲಾಗುತ್ತದೆ.

ಈ ಮೂರೂ ಒಂದೇ ಜಾತಿಯ ಕೊರತೆಗಳಲ್ಲವೆಂಬುದನ್ನು ಗಮನಿಸಬೇಕು. ಎತ್ತರವನ್ನು ಯಾವ ಶಿಕ್ಷಣವೂ ಹೆಚ್ಚಿಸಲಾರದು. ಆದರೆ ಡಿಕ್ಕಿಯಾಗಬೇಕಾದರೆ ಇಬ್ಬರೂ ಒಂದೆಡೆ ಸೇರಬೇಕಷ್ಟೆ. ಚುರುಕಾಗಿ ಹೊರಳಬಲ್ಲವನು ಎಷ್ಟೋ ಡಿಕ್ಕಿಗಳಿಂದ ನುಣುಚಿಕೊಳ್ಳುತ್ತಾನೆ. ಎಂದರೆ ಈ ಕೊರತೆಯನ್ನು ಅವನ ಹೆಚ್ಚಳವೇ ಬಹುಮಟ್ಟಿಗೆ ತುಂಬಿಕೊಡುತ್ತದೆ. ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬ ವಿವೇಕವು ಅನುಭವದಿಂದ ಬರತಕ್ಕದ್ದು. ಉಳಿದ ಕೊರತೆಯಾದರೋ ಆಟಗಾರನದೇ ಅಲ್ಲ, ಅಳತೆಗೋಲಿನದು. ಬಲವಾದ ಎದುರಾಳಿಗಳ ಮುಂದೆ ನಿಲ್ಲಿಸಿ ನೋಡಿದ ಹೊರತು ಅದರ ನಿರ್ಣಯವಾಗದು.

2016–17ರಲ್ಲಿ ಲೀಗಿನ ಕೊನೆಯ ಸ್ಥಾನಕ್ಕಿಳಿದಿದ್ದ ಕೊಲೊರಾಡೊ ಅವಲಾಂಚ್ ತಂಡಕ್ಕೆ ಚೀಟಿ ಎತ್ತುವಿಕೆಯಲ್ಲಿಯೂ ಅದೃಷ್ಟ ಒಲಿಯದೆ, 2017ರ ಡ್ರಾಫ್ಟಿನಲ್ಲಿ ನಾಲ್ಕನೆಯ ಸರದಿ ದೊರೆಯಿತು. ಅದು ಮಕಾರನನ್ನು ಆರಿಸಿಕೊಂಡು ಎರಡು ವರ್ಷ ಕಾದಿತು. ಅವನು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದನು.

ಈಗ ಅಂಕಗಳನ್ನು ನೋಡೋಣ. ಗೋಲು ಹೊಡೆದರೂ, ಗೋಲಿಗೆ ನೆರವಾದರೂ ಆಟಗಾರನಿಗೆ ಒಂದೊಂದು ಅಂಕ. ಬ್ರೂಕ್ಸಿನ ಕೊನೆಯ ವರ್ಷದಲ್ಲಿ 54 ಪಂದ್ಯಗಳಿಂದ 75 ಅಂಕಗಳು, ಪಂದ್ಯಕ್ಕೆ 1.39. ವಿಶ್ವವಿದ್ಯಾನಿಲಯದ ಮೊದಲ ವರ್ಷ 34 ಪಂದ್ಯಗಳಿಂದ 21, ಪಂದ್ಯಕ್ಕೆ 0.62. ಸಂದೇಹಪಟ್ಟವರ ಮಾತು ನಿಜವಾಯಿತೆಂದು ತೋರಬಹುದಾಗಿತ್ತು. ಆದರೆ ಮರುವರ್ಷ 41 ಪಂದ್ಯಗಳಿಂದ 49. ಪಂದ್ಯಕ್ಕೆ ಸುಮಾರು 1.2. ಹುಡುಗನು ಕಲಿಯಬಲ್ಲನೆಂಬುದಕ್ಕೆ ಸಾಕ್ಷಿ ಮೊದಲ ಅಂಕಿಯಲ್ಲಿಲ್ಲ, ಎರಡನೆಯದರಿಂದ ಮೂರನೆಯದಕ್ಕೆ ಏರಿದ ಏರಿಕೆಯಲ್ಲಿದೆ.

ಮುಂದಿನದು ಪ್ರಸಿದ್ಧವಾಗಿದೆ. 2019ರ ಏಪ್ರಿಲಿನಲ್ಲಿ ಲೀಗಿನ ತನ್ನ ಮೊದಲನೆಯ ಪಂದ್ಯದಲ್ಲಿಯೇ, ಹುಟ್ಟೂರಾದ ಕ್ಯಾಲ್ಗರಿಯ ತಂಡದ ವಿರುದ್ಧ ಮಕಾರನು ಗೋಲು ಹೊಡೆದನು. 2020ರಲ್ಲಿ ಅತ್ಯುತ್ತಮ ಹೊಸ ಆಟಗಾರನೆಂಬ ಕಾಲ್ಡರ್ ಪಾರಿತೋಷಕವೂ, 2022ರಲ್ಲಿ ಅತ್ಯುತ್ತಮ ರಕ್ಷಕನೆಂಬ ನಾರಿಸ್ ಪಾರಿತೋಷಕವೂ ಅವನಿಗೆ ಸಂದವು. ಅದೇ 2022ರಲ್ಲಿ ಅವನ ತಂಡವು ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು.

ಹಾಗೆಂದು ಒಂದು ನಿದರ್ಶನದಿಂದ ನಿಯಮವನ್ನು ಕಟ್ಟಲಾಗದು. ಗೆದ್ದವನನ್ನು ನಾವು ನೆನೆಯುತ್ತೇವೆ. ಅಂತಹುದೇ ಗುಣಗಳಿದ್ದು ಮೇಲೇರದವರ ಹೆಸರು ನಮ್ಮ ಕಿವಿಗೆ ಬೀಳುವುದಿಲ್ಲ. ಅದೇ ಡ್ರಾಫ್ಟಿನಲ್ಲಿ ಎರಡನೆಯವನಾಗಿ ಆಯ್ಕೆಯಾದ ಫಾರ್ವರ್ಡ್ ನೋಲನ್ ಪ್ಯಾಟ್ರಿಕ್ ಅರೆತಲೆನೋವಿನ ಬಾಧೆಯಿಂದ 2019–20ರಲ್ಲಿ ಒಂದು ಪಂದ್ಯವನ್ನೂ ಆಡಲಾರದೆ ಹೋದನು. ಇದನ್ನು ಯಾವ ಪರೀಕ್ಷಕನು ಮುಂಗಾಣಬಲ್ಲನು? ಇನ್ನು ಮೈಕಟ್ಟಿನ ಮಾತು: 6 ಅಡಿ 9 ಅಂಗುಲದ ಝ್ಡೆನೊ ಖಾರಾ 1996ರಲ್ಲಿ 56ನೆಯವನಾಗಿ ಆಯ್ಕೆಯಾದನು, 2009ರಲ್ಲಿ ನಾರಿಸ್ ಪಾರಿತೋಷಕವನ್ನು ಪಡೆದನು. ಎತ್ತರವೊಂದೇ ಆಯ್ಕೆಯನ್ನು ನಿರ್ಣಯಿಸುತ್ತಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಹೀಗಿರುವಲ್ಲಿ, ಎಳೆಯ ಆಟಗಾರನ ಗುಣದೋಷಗಳನ್ನು ಎರಡು ಪಟ್ಟಿಗಳಾಗಿ ಬರೆದು ಕೂಡಿ ಕಳೆದರೆ ಸಾಲದು. ಯಾವ ಕೊರತೆ ಕಲಿಕೆಯಿಂದ ನೀಗುವುದು, ಯಾವುದನ್ನು ಇನ್ನೊಂದು ಗುಣವು ತುಂಬಿಕೊಡುವುದು, ಯಾವುದು ಕೊನೆಯವರೆಗೂ ಉಳಿಯುವುದು ಎಂದು ವಿಂಗಡಿಸಿ ನೋಡಬೇಕು. ಅಳೆಯುವವನ ಜಾಣ್ಮೆ ಇರುವುದು ಈ ವಿಂಗಡಣೆಯಲ್ಲಿಯೇ. ಅಷ್ಟಾದ ಮೇಲೆ ಬೇಕಾದುದು ಕಾಯುವ ತಾಳ್ಮೆ.