ಮಾತು ತಡವಾದ ಮಗುವಿಗೆ ಅಂಗನವಾಡಿ ಸಾಕೇ?

ಮೂರು ತುಂಬಿದ ಮಗು ಇನ್ನೂ ನಾಲ್ಕಾರು ಮಾತುಗಳಲ್ಲಿಯೇ ನಿಂತಿದ್ದರೆ ಮನೆಯ ಹಿರಿಯರು ಹೇಳುವ ಸಮಾಧಾನ ಒಂದೇ: "ಅಂಗನವಾಡಿಗೆ ಕಳಿಸವ್ವಾ, ನಾಲ್ಕು ಹುಡುಗರ ಜೋಡಿ ಕೂಡಿದರೆ ಮಾತು ತಾನೇ ಬರತದ." ಈ ಮಾತು ಅರ್ಧ ನಿಜ. ಉಳಿದರ್ಧವನ್ನು ನಂಬಿ ಕುಳಿತ ಮನೆಗಳಲ್ಲಿ, ಮಾತು ಕಲಿಯಲು ಅತ್ಯಂತ ಹದವಾದ ಎರಡು ವರ್ಷಗಳು ಸದ್ದಿಲ್ಲದೆ ಕಳೆದುಹೋಗುವುದುಂಟು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ತೊಡಕೊಂದಿದೆ. ಕುಣಬಿಯರ ಮನೆಯಲ್ಲಿ ಕೊಂಕಣಿ. ಗೌಳಿಗರಲ್ಲಿ ಮರಾಠಿಯ ಒಂದು ಬಗೆ. ಸಿದ್ದಿಯರ ಅನೇಕ ಮನೆಗಳಲ್ಲಿ ಅವರದೇ ಧಾಟಿಯ ಕೊಂಕಣಿ. ಕಾಗದದ ಕಾರ್ಖಾನೆ ಬೆಳೆಸಿದ ದಾಂಡೇಲಿಯ ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಮುಂಡಗೋಡದ ಬಳಿ 1966ರಿಂದ ಟಿಬೆಟನ್ನರ ವಸತಿಯೂ ಇದೆ. ಅಂಗನವಾಡಿಯಲ್ಲಾದರೋ ಸಾಮಾನ್ಯವಾಗಿ ಕನ್ನಡ. ಅಲ್ಲಿ ಮೂಲೆ ಹಿಡಿದು ಕುಳಿತ ಮಗು ಮಾತು ಬಾರದ್ದೋ, ಕನ್ನಡ ಬಾರದ್ದೋ?

ಇದನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ. "ನೀರು" ಎಂದಾಗ ಸುಮ್ಮನಿದ್ದ ಮಗು "ಉದಾಕ" ಎಂದೊಡನೆ ಲೋಟದ ಕಡೆ ತಿರುಗಿದರೆ, ಮನೆಯಲ್ಲಿ ಅಜ್ಜಿಯೊಡನೆ ವಾಕ್ಯ ಕಟ್ಟಿ ಜಗಳವಾಡುತ್ತಿದ್ದರೆ, ಅದಕ್ಕೆ ಬೇಕಾದುದು ಚಿಕಿತ್ಸೆಯಲ್ಲ. ಕೆಲವು ತಿಂಗಳ ಸಾವಕಾಶ ಮಾತ್ರ. ಹೊಸ ಭಾಷೆಯ ಎದುರು ಮಕ್ಕಳು ಕೆಲಕಾಲ ಮೌನ ತಾಳುವುದು ಸಹಜ. ಮನೆಮಾತಿನಲ್ಲಿಯೂ ಪದಗಳಿಲ್ಲದಿದ್ದರೆ ಮಾತ್ರ ವಿಷಯ ಬೇರೆ. ಎರಡು ಭಾಷೆ ಕೇಳಿಸಿದ್ದರಿಂದಲೇ ಮಾತು ನಿಂತಿತೆಂದು ಮನೆಮಾತನ್ನು ಬಿಡಿಸುವವರಿದ್ದಾರೆ. ಅದು ತಪ್ಪು, ತಾಯಿಗೆ ಚೆನ್ನಾಗಿ ಬರುವ ಭಾಷೆಯೇ ಮಗುವಿಗೆ ಮೊದಲ ಔಷಧ.

ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು. ಮೂರಕ್ಕೆ ಅದರ ಮಾತಿನ ಬಹುಪಾಲು ಹೊರಗಿನವರಿಗೂ ತಿಳಿಯಬೇಕು. "ರ" ಬದಲು "ಲ" ಎಂದರೆ ಆ ವಯಸ್ಸಿಗೆ ಚಿಂತೆಯಿಲ್ಲ. ಆದರೆ ಕರೆದರೆ ತಿರುಗದ ಮಗು, ಕಿವಿ ಸೋರುವ ಮಗು, ಬಂದ ಮಾತನ್ನು ಕಳೆದುಕೊಂಡ ಮಗು—ಇವಕ್ಕೆ ಒಂದು ದಿನವೂ ಕಾಯತಕ್ಕದ್ದಲ್ಲ. ಎಲ್ಲಕ್ಕೂ ಮೊದಲು ಶ್ರವಣ ಪರೀಕ್ಷೆ.

ಇನ್ನು ಅಂಗನವಾಡಿ. 1975ರಲ್ಲಿ ಆರಂಭವಾದ ಈ ಯೋಜನೆ ಆಹಾರ, ಲಸಿಕೆ, ಆಟಪಾಠಗಳಿಗಾಗಿ ಹುಟ್ಟಿದ್ದು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೇಲೆ ದಾಖಲೆ ಪುಸ್ತಕಗಳ ಹೊರೆ. ಅವರಿಂದ ವಾಕ್‌ಚಿಕಿತ್ಸೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೂ ತಾಯಿ ಒಂದು ಮುಂಜಾನೆ ಬಾಗಿಲ ಬಳಿ ಅರ್ಧ ಗಂಟೆ ಕುಳಿತು ನೋಡಲಿ. ಅಕ್ಕೋರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರೆಯೇ, ಇಲ್ಲವೇ ಜಾಣ ಹುಡುಗಿ ಎಲ್ಲರ ಪರವಾಗಿ ಕೂಗಿಬಿಡುತ್ತಾಳೆಯೇ? ಬೆರಳು ತೋರಿಸಿದೊಡನೆ ಬೇಕಾದ್ದು ಕೈಗೆ ಬರುತ್ತದೆಯೇ, ಅಥವಾ ಮೊದಲು ಆ ವಸ್ತುವಿನ ಹೆಸರು ಮಗುವಿನ ಕಿವಿಗೆ ಬೀಳುತ್ತದೆಯೇ? ಹಾಡಿನಲ್ಲಿ ಈ ಮಗುವಿನ ತುಟಿಯೂ ಅಲುಗುತ್ತದೆಯೇ? ಸದ್ದಿನ ನಡುವೆ ಅದನ್ನು ಹತ್ತಿರ ಕೂಡಿಸಿಕೊಳ್ಳುವರೇ? ಇಷ್ಟಿದ್ದರೆ ಆ ಶಾಲೆ ಚಿಕಿತ್ಸೆಗೆ ಒಳ್ಳೆಯ ಜೊತೆಗಾರ. ಜೊತೆಗಾರನೇ ಹೊರತು ಬದಲಿಯಲ್ಲ.

ವಾಕ್‌ಚಿಕಿತ್ಸಕರು ತೊಡಕು ಎಲ್ಲಿದೆಯೆಂದು ಮೊದಲು ಗೊತ್ತುಮಾಡುತ್ತಾರೆ: ಕಿವಿಯಲ್ಲೋ, ಗ್ರಹಿಕೆಯಲ್ಲೋ, ನಾಲಿಗೆಯ ಚಲನೆಯಲ್ಲೋ. ಬಳಿಕ ಆ ಮಗುವಿಗೆ ಹೊಂದುವ ಅಭ್ಯಾಸವನ್ನು ತಾಯಿಗೂ ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿಯೇ ಸ್ಥಾಪನೆಯಾದರೂ, ಜೋಯಿಡಾದ ಕಾಡಿನಿಂದ ಮೈಸೂರು ಎಲ್ಲಿ! ಜಿಲ್ಲಾ ಕೇಂದ್ರ ಕಾರವಾರವೂ ಘಟ್ಟದ ಕೆಳಗೆ. ಹಳಿಯಾಳದವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಸಮೀಪ. ಒಂದು ಪ್ರಯಾಣವೆಂದರೆ ಬಸ್ಸಿನ ವೆಚ್ಚದೊಡನೆ ಒಂದು ದಿನದ ಕೂಲಿಯೂ ಹೋದಂತೆ. ಈ ಲೆಕ್ಕವನ್ನು ಮರೆತು ಉಪದೇಶ ಮಾಡುವುದು ಸುಲಭ.

ಆದುದರಿಂದ ಹತ್ತಿರದ ದಾರಿಯನ್ನೇ ಮೊದಲು ಹಿಡಿಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅಂದು ಮಗುವನ್ನು ತಪ್ಪದೆ ಕರೆದೊಯ್ದು, "ಮುಂದಿನ ಪರೀಕ್ಷೆಗೆ ಚೀಟಿ ಬರೆದುಕೊಡಿರಿ" ಎಂದು ಕೇಳಬೇಕು. ಅಷ್ಟರಲ್ಲಿ ಒಂದು ನೋಟುಬುಕ್ಕಿನಲ್ಲಿ ಮಗು ತಾನಾಗಿ ಆಡಿದ ಪದಗಳನ್ನು, ಯಾವ ಭಾಷೆಯದಾದರೂ ಸರಿ, ತಾರೀಖಿನೊಡನೆ ಬರೆದಿಡಲಿ. ಓದು ಬಾರದ ತಾಯಿಗೆ ಅಕ್ಕೋರೇ ಬರೆದುಕೊಟ್ಟಾರು. ಮೂರು ತಿಂಗಳ ಹಿಂದಿನ ಪುಟಕ್ಕೂ ಇಂದಿನ ಪುಟಕ್ಕೂ ಅಂತರವಿಲ್ಲದಿದ್ದರೆ ಆ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ಅದರಲ್ಲಿಯೇ ಉತ್ತರವಿರುತ್ತದೆ.