ಬರೆಯ ಮೇಲೆ ಬೆಳ್ಳಿಹಸಿರು

ಮಾರ್ಚ್ ತಿಂಗಳ ಮಧ್ಯಾಹ್ನ. ಕೊಡಗಿನ ಬಾಳೆಲೆ ಊರಿನ ತೋಟಗಳಲ್ಲಿ ಕೆರೆ ದಂಡೆಯ ಡೀಸೆಲ್ ಪಂಪು ಒಂದೇ ಸಮನೆ ಗುಡುಗುಡಿಸುತ್ತಿದೆ. ಕಾಫಿ ಗಿಡಗಳ ತಲೆಯ ಮೇಲೆ ಸ್ಪ್ರಿಂಕ್ಲರ್ ಜೆಟ್ ಚಟಚಟನೆ ಸುತ್ತುತ್ತಿದೆ. ಹೂಮಳೆ ಕೈಕೊಟ್ಟರೆ ರೊಬಸ್ಟಾಗೆ ಹೂವಿಗೊಮ್ಮೆ, ಆಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್‌ಗೊಮ್ಮೆ ನೀರು ಕೊಡಲೇಬೇಕು. ಲಕ್ಷ್ಮಣತೀರ್ಥ ಹೊಳೆ ಸೊರಗಿದೆ. ಕೊಯ್ಲಾದ ಗದ್ದೆ ಬಿರುಕು ಬಿಟ್ಟಿದೆ. ಅಂಗಳದ ಗುಲಾಬಿ, ಆಂಥೂರಿಯಂ ಕುಂಡಗಳು ಸಂಜೆಯ ನೀರಿಗೆ ಕಾದು ಕೂತಿವೆ.

ಇದೇ ಬಿಸಿಲಿನಲ್ಲಿ, ಗೇಟಿನಿಂದ ಮನೆಗೆ ಏರುವ ದಾರಿಯ ಬರೆಯ (ಇಳಿಜಾರು ಮಣ್ಣುದಿಬ್ಬದ) ಮೇಲೆ ನೀರು ಕೇಳದೆ ನಿಂತಿದೆ ಒಂದು ಸಾಲು ಲ್ಯೂಕೋಫಿಲಂ. ಸೊಂಟದೆತ್ತರ, ಒತ್ತೊತ್ತಾದ ಸಣ್ಣ ಎಲೆ, ಬೂದಿಗೂ ಬೆಳ್ಳಿಗೂ ನಡುವಿನ ಬಣ್ಣ. ಇದರ ತವರು ಅಮೆರಿಕದ ಟೆಕ್ಸಸ್ ಮತ್ತು ಉತ್ತರ ಮೆಕ್ಸಿಕೋದ ಒಣನೆಲ. ಕಾಫಿಯ ಹಾಗೆ ಇದೂ ಮಳೆಯ ಸುಳಿವಿಗೆ ಹೂ ಬಿಡುವ ಜಾತಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವ ಹೊತ್ತಿಗೆ ಬರೆಯ ಮೇಲೆ ನೇರಳೆ ಗಂಟೆಹೂಗಳೂ ಅರಳಿರುತ್ತವೆ.

ಇದೇ ಬೆಳ್ಳಿ ಹೊದ್ದ ನಮ್ಮದೇ ನೆಲದ ಎಕ್ಕವೂ ಬೇಲಿಯಾಚೆ ರಸ್ತೆಬದಿಯಲ್ಲಿದೆ. ಅದರ ದಪ್ಪನೆಯ ಎಲೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿ ನೋಡಿ. ಬಿಳಿ ಹುಡಿ ಬೆರಳಿಗೆ ಅಂಟುತ್ತದೆ, ಉಜ್ಜಿದ ಜಾಗದಲ್ಲಿ ಹಸಿರು ಮೂಡುತ್ತದೆ. ಬೆಳ್ಳಿ ಅಂದರೆ ಇಷ್ಟೇ, ಹಸಿರೆಲೆ ಹೊದ್ದ ಸಣ್ಣ ರೋಮದ ಪದರ. ಅದು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ; ಎಲೆಗೆ ತಾಗಿದ ಗಾಳಿಯನ್ನು ಅಲುಗಗೊಡದೆ ಹಿಡಿದು, ಎಲೆಯೊಳಗಿನ ನೀರು ಬೇಗ ಆರದಂತೆ ಕಾಯುತ್ತದೆ.

ಕೊಡಗಿನ ತೋಟಕ್ಕೆ ಬೆಳ್ಳಿ ಎಲೆ ಹೊಸತೂ ಅಲ್ಲ. ಕಾಳುಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು. ಗಾಳಿ ಬೀಸಿ ಎಲೆ ಮಗುಚಿದಾಗ ಅದರ ಹೆಸರಿನ ಗುಟ್ಟು ಕಾಣುತ್ತದೆ.

ಆದರೆ ಬಾಳೆಲೆಯಲ್ಲಿ ಲ್ಯೂಕೋಫಿಲಂನಂಥ ಗಿಡಗಳನ್ನು ಕೊಲ್ಲುವುದು ಬೇಸಿಗೆಯಲ್ಲ, ಜಡಿಮಳೆಯ ಕಕ್ಕಡ ತಿಂಗಳು. ಭಾಗಮಂಡಲದಷ್ಟು ಮಳೆ ಈ ಕಡೆ ಇಲ್ಲ, ನಿಜ. ಆದರೂ ಹೊಳೆ ಉಕ್ಕಿ ಗದ್ದೆ ಮುಳುಗುವ ದಿನಗಳಲ್ಲಿ, ವಾರಗಟ್ಟಲೆ ಬಿಸಿಲಿಲ್ಲದ ಥಂಡಿಯಲ್ಲಿ, ಬಿಸಿಲು ತಡೆದ ಅದೇ ರೋಮ ನೀರು ಹಿಡಿದು ಎಲೆಯನ್ನು ಕೊಳೆಸುತ್ತದೆ. ಬುಡದಲ್ಲಿ ನೀರು ನಿಂತರಂತೂ ಬೇರು ಉಳಿಯುವುದಿಲ್ಲ. ಆದ್ದರಿಂದಲೇ ಇವಕ್ಕೆ ಬರೆಯ ನೆತ್ತಿ ಹೇಳಿಮಾಡಿಸಿದ ಜಾಗ. ನೀರು ಇಳಿದು ಹೋಗುತ್ತದೆ, ದಿನವಿಡೀ ಬಿಸಿಲಿರುತ್ತದೆ. ಸಮತಟ್ಟು ಅಂಗಳವಾದರೆ ಮಣ್ಣಿಗೆ ಮರಳು, ಸಣ್ಣ ಜಲ್ಲಿ ಬೆರೆಸಿ ಮೊಣಕಾಲೆತ್ತರದ ಏರುಮಡಿ ಮಾಡಬೇಕು. ಮರದ ನೆರಳಿಗೆ ಸಿಕ್ಕ ಲ್ಯೂಕೋಫಿಲಂ ಸಪೂರವಾಗಿ ಬೆಳೆದು ಬೆಳ್ಳಿಯನ್ನೇ ಕಳೆದುಕೊಳ್ಳುತ್ತದೆ. ಗೊಬ್ಬರ ಹೆಚ್ಚಾದರೂ ಅದೇ ಪಾಡು.

ಮಳೆಯನ್ನೇ ತಪ್ಪಿಸಿ ಬೆಳೆಯುವ ದಾರಿಯೂ ಒಂದಿದೆ. ದವನವನ್ನು ನವೆಂಬರ್‌ನಲ್ಲಿ ಬಿತ್ತಿದರೆ ಮಾರ್ಚ್ ಒಳಗೆ ಬೂದುಬೆಳ್ಳಿ ಬಣ್ಣದ ಪೊದೆ ಕಟ್ಟಿ, ಘಮಘಮಿಸಿ, ಮುಂಗಾರಿಗೆ ಮೊದಲೇ ಕೈಗೆ ಬಂದಿರುತ್ತದೆ.

ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ ನೆಲ ಇನ್ನೂ ಹಸಿಯಾಗಿರುವಾಗಲೇ ಲ್ಯೂಕೋಫಿಲಂ ಸಸಿ ನೆಟ್ಟುಬಿಡಿ. ಮೊದಲ ಬೇಸಿಗೆ ಆಗೀಗ ನೀರು ಕೊಟ್ಟರೆ ಸಾಕು, ಬೇರು ಇಳಿದ ಮೇಲೆ ಅದೂ ಬೇಡ. ಕೆರೆಯ ತಳ ಕಾಣುವ ತಿಂಗಳಲ್ಲಿ ನೀರು ಕಾಫಿಗೆ ಬೇಕು, ದನಕರುಗಳಿಗೆ ಬೇಕು, ಕುಡಿಯಲು ಬೇಕು. ಮನೆಯ ಅಂದಕ್ಕೆಂದು ಆ ಪಾಲಿನಿಂದ ಒಂದು ಕೊಡವನ್ನೂ ತೆಗೆಯದ ಗಿಡ ಬಾಳೆಲೆಯ ಪ್ರತಿ ಮನೆಯ ದಾರಿಯಲ್ಲೂ ಇರಬೇಕು.