ಮಗನ ಫ್ಲ್ಯಾಟಿಗೆ ತೋಟದ ತುಂಡು ಮಾರಬೇಕೆ?

ನಮ್ಮ ಸುಳ್ಯ ಕಡೆ ಅಡಿಕೆ ಬೆಳೆಗಾರರ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಬೆಂಗಳೂರಲ್ಲಿ. ಕೆಲಸ ಸಿಕ್ಕಿ ನಾಲ್ಕು ವರ್ಷ ಆಗುವಷ್ಟರಲ್ಲಿ ಮನೆಯ ಮಾತು ಶುರು. ಬಾಡಿಗೆ ಕೊಟ್ಟದ್ದು ಹೊಳೆಗೆ ಹೋದ ಹಾಗೆ, ಅದನ್ನೇ ಕಂತು ಕಟ್ಟಿದರೆ ಮನೆ ನಮ್ಮದಾಗುತ್ತದೆ ಎಂಬುದು ವಾದ. ಕೇಳಲು ಸರಿಯೇ. ಆದರೆ ಮೊದಲ ಇಡಿಗಂಟು ಬರಬೇಕಾದ್ದು ಊರಿನಿಂದ. ಊರಲ್ಲಿ ನಮ್ಮ ದುಡ್ಡು ಇರುವುದು ಮಣ್ಣಿನಲ್ಲಿ.

2025ರ ದೀಪಾವಳಿಗೆ ಬಂದ ನನ್ನ ಮಗನೂ ಇದನ್ನೇ ಎತ್ತಿದ. ಅವ ನೋಡಿಟ್ಟ ಫ್ಲ್ಯಾಟಿಗೆ 70 ಲಕ್ಷ. ನಾವು ಕಾಗದ, ಪೆನ್ನು ಹಿಡಿದು ಕೂತೆವು.

ಬ್ಯಾಂಕು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ ಶೇ. 80 ಮಾತ್ರ. ಅಂದರೆ 56 ಲಕ್ಷ ಸಾಲ, 14 ಲಕ್ಷ ಕೈಯಿಂದ. ರಿಜಿಸ್ಟ್ರಿ ಬೇರೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ ಕೊನೆಗೆ ಶೇ. 2 ಆಯಿತು. ಎಲ್ಲ ಸೇರಿ ಶೇ. 7.6ರ ಹತ್ತಿರ, 5.3 ಲಕ್ಷ. ಇದನ್ನು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಪಾಟು, ಅಡಿಗೆ ಮನೆ ಹಲಗೆ ಬಿಟ್ಟೇ 19 ಲಕ್ಷ ಚಿಲ್ಲರೆ ಬೇಕು. ಅವನಲ್ಲಿ ಇದ್ದದ್ದು 6 ಲಕ್ಷ.

ಉಳಿದದ್ದಕ್ಕೆ ಮೇಲಿನ ತುಂಡು ತೋಟ ಕೊಡುವುದು ಅವನ ಯೋಚನೆ. "ಅಪ್ಪಾ, ಎಲೆಚುಕ್ಕಿ ಬಂದಾಗಿದೆ. ಸಂಪಾಜೆ ಕಡೆ ಹಳದಿ ರೋಗದಲ್ಲಿ ಏನಾಯಿತು ನೀವೇ ನೋಡಿದ್ದೀರಿ. ಬೆಲೆ ಇರುವಾಗಲೇ ಕೊಟ್ಟರೆ ಆಗದಾ?" ಅಂದ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ರೋಗದ ತೋಟ ಇಟ್ಟುಕೊಂಡು ಕೂತವರ ಪಾಡು ನಮಗೆ ಗೊತ್ತಿದೆ. ಆದರೆ ನಮ್ಮ ಕೆರೆ ಇರುವುದು ಆ ಮೇಲಿನ ತುಂಡಿನಲ್ಲಿ. ಕೆಳಗಿನ ತೋಟಕ್ಕೆ ನೀರು ಇಳಿಯುವುದು ಅಲ್ಲಿಂದಲೇ. ತುಂಡು ಕೊಟ್ಟರೆ ನೀರಿಗೆ ನಾಳೆ ಇನ್ನೊಬ್ಬರನ್ನು ಕೇಳಬೇಕು. ರೋಗ ಬಂದರೆ ಅಡಿಕೆ ಬಿಟ್ಟು ಬೇರೆ ಏನಾದರೂ ನೆಡಬಹುದು, ನೀರಿಲ್ಲದಿದ್ದರೆ ಏನು ನೆಡುವುದು?

ಕಂತಿನೊಳಗೆ ಏನಿದೆ?

56 ಲಕ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 48,600 ರೂ. ಮೊದಲ ತಿಂಗಳು ಅದರಲ್ಲಿ 39,667 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಬೀಳುವುದು 9,000ದೊಳಗೆ. ಮೊದಲ ವರ್ಷ 5.83 ಲಕ್ಷ ಕಟ್ಟಿದರೆ ಸಾಲ ಇಳಿಯುವುದು 1.11 ಲಕ್ಷ! ಬಾಡಿಗೆ ದಂಡ ಅನ್ನುವವರು ಈ ಬಡ್ಡಿಗೆ ಏನು ಹೆಸರು ಇಡುತ್ತಾರೋ.

ಅದೇ ಕಟ್ಟಡದಲ್ಲಿ ಅಂಥದ್ದೇ ಫ್ಲ್ಯಾಟಿಗೆ ಬಾಡಿಗೆ 24,000. ನಿರ್ವಹಣೆ ವೆಚ್ಚ ಎರಡಕ್ಕೂ ಒಂದೇ. ತಿಂಗಳಿಗೆ 24,600 ವ್ಯತ್ಯಾಸ. ಇದನ್ನು ಖರ್ಚು ಮಾಡದೆ ಇಟ್ಟರೆ ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 8.85 ಲಕ್ಷ. ಇದ್ದ 6 ಸೇರಿದರೆ 15ರ ಹತ್ತಿರ. ಬಾಡಿಗೆ ಅಷ್ಟರಲ್ಲಿ ಸ್ವಲ್ಪ ಏರುತ್ತದೆ, ಫ್ಲ್ಯಾಟಿನ ಬೆಲೆಯೂ ಏರಬಹುದು. ಆದರೂ ತೋಟ ಉಳಿಯುತ್ತದೆ. ಇಡದೆ ಖರ್ಚು ಮಾಡುವ ಮಕ್ಕಳಾದರೆ ಈ ಲೆಕ್ಕ ಹಾಕಿ ಪ್ರಯೋಜನ ಇಲ್ಲ. ಅವರಿಗೆ ಕಂತೇ ಒಳ್ಳೆಯದು.

ಜಾಗದ ಲೆಕ್ಕವನ್ನೂ ನೋಡಿ. 1,200 ಚದರಡಿ ಅಂತ ಹೇಳಿ ಮಾರುವ ಆ ಫ್ಲ್ಯಾಟಿನಲ್ಲಿ ಗೋಡೆಯೊಳಗೆ ಓಡಾಡಲು ಸಿಗುವುದು 850. ನೆಲದಲ್ಲಿ ಅವಿಭಜಿತ ಪಾಲು 400 ಚದರಡಿ. ಒಂದು ಸೆಂಟ್ಸ್ ಅಂದರೆ 435.6 ಚದರಡಿ. ಒಂದು ಸೆಂಟ್ಸೂ ಪೂರ್ತಿ ಇಲ್ಲ! ಕಾಂಕ್ರೀಟು ಹಳತಾಗುತ್ತಾ ಹೋಗುತ್ತದೆ, ಬೆಲೆ ಏರುವುದು ಮುಖ್ಯವಾಗಿ ಆ ನೆಲಕ್ಕೆ.

ಸೊಸೆಯ ಮಾತಿಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. "ಮಾವ, ಓನರು ಬಿಡಿ ಅಂದರೆ ಬಿಡಬೇಕು. ಮಗು ಶಾಲೆಗೆ ಸೇರಿದ ಮೇಲೆ ಹಾಗೆ ಮನೆ ಬದಲಿಸಲು ಆಗುತ್ತದಾ?" ನಿಜ. ಒಂದು ವರ್ಷ ಮೀರಿದ ಕರಾರು ರಿಜಿಸ್ಟ್ರಿ ಆಗಬೇಕು ಅಂತ ಎಲ್ಲರೂ 11 ತಿಂಗಳಿಗೇ ಬರೆಯುತ್ತಾರೆ. ಮಗುವಿಗೆ ಈಗ ಒಂದೂವರೆ ವರ್ಷ. ಶಾಲೆಗೆ ಮೂರು ವರ್ಷ ಇದೆ ಅಂತ ಅಲ್ಲಿಯವರೆಗೆ ಬಾಡಿಗೆ ಎಂದು ತೀರ್ಮಾನ ಆಯಿತು. ಸೊಸೆಯ ಹೆಸರಲ್ಲಿ ಆರ್‌ಡಿ ತೆರೆದಿದ್ದಾರೆ.

ಈಗಲೇ ಕೊಳ್ಳುವ ಅವಸರ ಇದ್ದವರು ಮಾರಾಟ ಕರಾರು ರಿಜಿಸ್ಟ್ರಿ ಆಗುವ ಮೊದಲು ಬಿಲ್ಡರಿಗೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ; 2016ರ ರೇರಾ ಕಾಯ್ದೆ ಹಾಗೆ ಹೇಳುತ್ತದೆ. ಕಟ್ಟಿ ಮುಗಿದದ್ದಾದರೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಕೇಳಿ. ಇ-ಖಾತೆ, ಋಣಭಾರ ಪತ್ರ ವಕೀಲರಿಗೆ ತೋರಿಸಿ. ಮತ್ತೆ, ಬಡ್ಡಿದರ ಬದಲಾಗುವ ಸಾಲವನ್ನೇ ತೆಗೆದುಕೊಳ್ಳಿ. ಅಡಿಕೆಗೆ ಧಾರಣೆ ಬಂದ ವರ್ಷ ಒಂದಷ್ಟು ಮೊದಲೇ ಕಟ್ಟಿದರೆ ಅದಕ್ಕೆ ದಂಡ ಹಾಕುವಂತಿಲ್ಲ.